ನಂಜು, ಗಂಜಿ ಮತ್ತು ದೇವಕಿಯಕ್ಕನ ಹೆಬ್ಬೆರಳು

ಹಪ್ಪಳದ ಡಬ್ಬಿ ಖಾಲಿಯಾದ ಮೇಲೆ ಅದರ ತಳಕ್ಕೆ ಹಾಸಿದ ಕಾಗದವನ್ನು ಓದುವ ಚಟವೊಂದು ನನಗಿದೆ. ಹಳೆಯ ಪತ್ರಿಕೆಯ ವಧೂವರರ ಜಾಹೀರಾತು, ಯಾವುದೋ ಚುನಾವಣೆಯ ಮನವಿ, ಯಾರದೋ ಗೃಹಪ್ರವೇಶದ ಕರೆಯೋಲೆ, ಏನೇ ಇರಲಿ, ಎಣ್ಣೆ ಕಾದು ಹೊಗೆ ಬಂದರೂ ಓದಿ ಮುಗಿಸದೆ ನಾನು ಒಲೆಯ ಕಡೆ ತಿರುಗುವವಳಲ್ಲ. ಎರಡು ವರ್ಷದ ಹಿಂದೊಮ್ಮೆ ಹಾಗೆ ಓದುತ್ತಿದ್ದಾಗ ಒಂದು ಕರಪತ್ರ ಸಿಕ್ಕಿತು. 'ಆಹಾರ ಮತ್ತು ಆರೋಗ್ಯ: ತಿಳಿದಿರಬೇಕಾದ ಮೂಲ ಪದಗಳು' ಎಂದು ತಲೆಬರಹ. ಕೆಳಗೆ ಶರ್ಕರಪಿಷ್ಟ, ಸಸಾರಜನಕ, ಮೇದಸ್ಸು, ಜೀವಸತ್ವ, ಖನಿಜ ಲವಣ ಎಂದು ಸಾಲುಸಾಲಾಗಿ ಪದಗಳು, ಒಂದೊಂದಕ್ಕೂ ಎರಡೆರಡು ಸಾಲಿನ ವಿವರಣೆ. ಇಷ್ಟು ಒಣಒಣ ಕನ್ನಡ ಬರೆದ ಮಹಾನುಭಾವ ಯಾರಪ್ಪಾ ಎಂದು ಕೊನೆಗೆ ಕಣ್ಣು ಹಾಯಿಸಿದರೆ, ಅನುವಾದ ಎಂದು ನನ್ನದೇ ಹೆಸರಿತ್ತು.

ನಾನು ಕೇರಳದ ಗಡಿಯೊಳಗಿನ ಹೊಸಂಗಡಿಯ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು. ಸರಕಾರದ ಕಾಗದಗಳೆಲ್ಲ ಮಲಯಾಳದಲ್ಲೇ ಬರುತ್ತವೆ, ನಮಗೆ ಕನ್ನಡದಲ್ಲಿ ಬೇಕು ಎಂದು ಊರಿನವರು ಹಟ ಹಿಡಿದಾಗ, "ಟೀಚರ್, ಒಂದು ಅರ್ಧ ಗಂಟೆಯ ಕೆಲಸ" ಎಂದು ಪಂಚಾಯತಿನಿಂದ ಒಬ್ಬರು ಬಂದು ಕರಪತ್ರವನ್ನು ನನ್ನ ಕೈಗಿಟ್ಟು ಹೋಗಿದ್ದರು. ಆ ಅರ್ಧ ಗಂಟೆ ಎರಡು ಆದಿತ್ಯವಾರ ತಿಂದಿತು. ಮಲಯಾಳದಲ್ಲಿ ಪ್ರೊಟೀನಿಗೆ 'ಮಾಂಸ್ಯಂ' ಎನ್ನುತ್ತಾರೆ. ಅದನ್ನು ಹಾಗೆಯೇ ಬಿಟ್ಟರೆ ಮಧೂರಿನ ಕಡೆಯ ನಮ್ಮ ಪರಿಚಯದ ಭಟ್ಟರೊಬ್ಬರು ಕರಪತ್ರ ಮುಟ್ಟಿದ್ದಕ್ಕೇ ಸ್ನಾನ ಮಾಡಿಯಾರು ಎಂದು ಹೆದರಿ, ನಿಘಂಟು ನೋಡಿ ಸಸಾರಜನಕ ಎಂದು ಬರೆದೆ. ನನ್ನ ಯಜಮಾನರು ಓದಿ, "ಇದು ತಿನ್ನುವಂಥದ್ದಾ?" ಎಂದು ಕೇಳಿದರು. ಕನ್ನಡದ ಕಾಗದ ಬೇಕೆಂದು ಗಲಾಟೆ ಮಾಡುವವರೂ ನಾವೇ, ಬಂದ ಕಾಗದವನ್ನು ಹಪ್ಪಳಕ್ಕೆ ಹಾಸುವವರೂ ನಾವೇ.

ನಿಜ ಹೇಳಬೇಕೆಂದರೆ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಇಷ್ಟೊಂದು ಪದಗಳು ಇರಲಿಲ್ಲ. ನಾಲ್ಕೇ ನಾಲ್ಕಿದ್ದವು: ಉಷ್ಣ, ತಂಪು, ವಾಯು, ನಂಜು. ಲೋಕದಲ್ಲಿ ತಿನ್ನುವ ವಸ್ತು ಏನಿದ್ದರೂ ಈ ನಾಲ್ಕರೊಳಗೆ ಬರಬೇಕು. ಪಪ್ಪಾಯಿ ಉಷ್ಣ, ಮುಳ್ಳುಸೌತೆ ತಂಪು, ಕಡಲೆ ವಾಯು, ಬದನೆ ನಂಜು. ನೆಂಟರ ಸ್ವಭಾವ ತಿಳಿದಿರುವ ಹಾಗೆ ಅಜ್ಜಿಗೆ ಒಂದೊಂದು ತರಕಾರಿಯ ಸ್ವಭಾವವೂ ತಿಳಿದಿತ್ತು. ಹೊರಗಿನವರಿಗೆ ಅರ್ಥವಾಗದ ಪದವೆಂದರೆ ನಂಜು. ಮೈಯಲ್ಲಿ ಗಾಯವೋ ಕುರುವೋ ಇದ್ದಾಗ ಕೆಲವು ವಸ್ತು ತಿಂದರೆ ಅದು ಕೀವಾಗಿ ಉಲ್ಬಣಿಸುತ್ತದೆ, ಅವೇ ನಂಜಿನ ವಸ್ತುಗಳು ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಬದನೆ, ಸಿಹಿಗುಂಬಳ, ಹಲಸು, ಉದ್ದು, ಮೊಟ್ಟೆ, ಬಂಗುಡೆ ಮೀನು, ಪಟ್ಟಿ ಇನ್ನೂ ಉದ್ದವಿದೆ. ರುಚಿಯಾದದ್ದೆಲ್ಲ ಆ ಪಟ್ಟಿಯಲ್ಲೇ ಏಕಿದೆ ಎಂಬ ನನ್ನ ಬಾಲ್ಯದ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಒಮ್ಮೆ ಶಾಲೆಯಿಂದ ಓಡಿ ಬರುವಾಗ ಮುರಕಲ್ಲಿನ ಮೇಲೆ ಬಿದ್ದು ಮೊಣಕಾಲು ತರಚಿ ಹೋಯಿತು. ಅಂದು ಮನೆಯಲ್ಲಿ ಎಲೆಯಲ್ಲಿ ಕಟ್ಟಿದ ಹಲಸಿನ ಹಣ್ಣಿನ ಗಟ್ಟಿ ಬೇಯುವ ಪರಿಮಳ ಗೇಟಿನವರೆಗೂ ಬರುತ್ತಿತ್ತು. ಗಾಯ ಕಂಡರೆ ಗಟ್ಟಿ ಹೋಯಿತು. ತೋಟದ ಕೆರೆಯಲ್ಲಿ ರಕ್ತ ತೊಳೆದು, ಲಂಗವನ್ನು ಕೆಳಗೆಳೆದುಕೊಂಡು, ಏನೂ ಆಗದವಳಂತೆ ಹೋಗಿ ಎಲೆಯ ಮುಂದೆ ಕುಳಿತೆ. ಚಕ್ಕಳಮಕ್ಕಳ ಹಾಕಲು ಮೊಣಕಾಲು ಬಿಡಲಿಲ್ಲ. ಒಂದು ಕಾಲನ್ನು ನೀಟಾಗಿ ಮುಂದೆ ಚಾಚಿ ಊಟಕ್ಕೆ ಕುಳಿತ ಮೊಮ್ಮಗಳನ್ನು ಅಜ್ಜಿ ಒಮ್ಮೆ ನೋಡಿದರು, ನನ್ನ ಎಲೆಯಲ್ಲಿದ್ದ ಗಟ್ಟಿಯನ್ನು ಮಾತಿಲ್ಲದೆ ಎತ್ತಿ ಅಣ್ಣನ ಎಲೆಗೆ ಹಾಕಿದರು. ಅವನು ಅದನ್ನು ನನ್ನ ಮುಖ ನೋಡಿಕೊಂಡೇ ತಿಂದ. ಆ ಪಾಪಕ್ಕೆ ಈಗಲೂ ನಾನು ಅವನನ್ನು ಕ್ಷಮಿಸಿಲ್ಲ.

ಇಷ್ಟೆಲ್ಲ ಪೀಠಿಕೆ ದೇವಕಿಯಕ್ಕನ ಬಗ್ಗೆ ಹೇಳುವುದಕ್ಕಾಗಿ. ದೇವಕಿಯಕ್ಕ ನಮ್ಮ ಮನೆಯಿಂದ ಎರಡು ಗೇಟು ಆಚೆ ಇರುವವರು. ಬಾಣಂತನ ಮಾಡುವುದು ಅವರ ಕಸುಬು. ಹೆರಿಗೆಯಾದ ಮನೆಗೆ ಹೋಗಿ ನಲವತ್ತು ದಿನ ತಾಯಿಗೂ ಮಗುವಿಗೂ ಎಣ್ಣೆ ತಿಕ್ಕಿ ಮೀಯಿಸುವುದು, ಕಷಾಯ ಕಾಯಿಸುವುದು, ಯಾವ ದಿನದಿಂದ ಯಾವುದನ್ನು ತಿನ್ನಬಹುದು ಎಂದು ಅಪ್ಪಣೆ ಕೊಡುವುದು. ಹೊಸಂಗಡಿಯಿಂದ ಬಾಯಾರಿನವರೆಗೆ ಅವರ ಕಾಲ ಮೇಲೆ ಮಿಂದ ಮಕ್ಕಳು ಎಷ್ಟೋ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಎಣ್ಣೆ ಮೈಯ ಶಿಶುವನ್ನು ಅವುಗಳ ಮೇಲೆ ಮಲಗಿಸಿದರೆ, ತಲೆ ಬಂದು ಅವರ ಎರಡು ಪಾದಗಳ ನಡುವೆ ಕೂರುತ್ತಿತ್ತು. ಹಿಡಿಯಲು ಕೈ ಬೇಡ. ಪಾದಗಳೇ ಹಿಡಿಯುತ್ತಿದ್ದವು, ಹೆಬ್ಬೆರಳುಗಳು ಎರಡು ಕಡೆಯಿಂದ ಕಿವಿಗೆ ನೀರು ಹೋಗದಂತೆ ಕಾಯುತ್ತಿದ್ದವು. ಅಷ್ಟು ಚಂದದ ಕೆಲಸವನ್ನು ನಾನು ಬೇರೆಲ್ಲೂ ನೋಡಿಲ್ಲ.

ನನ್ನ ಬಾಣಂತನವೂ ಅವರದೇ. ವಿಜ್ಞಾನದ ಪದವಿ ಇದ್ದ ನಾನು ಮೊದಲನೇ ದಿನವೇ ಪೌಷ್ಟಿಕಾಂಶಗಳ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿ, "ಚಂದ ಹೇಳ್ತೀರಿ ಟೀಚರೇ. ಈಗ ಕಷಾಯ ಕುಡೀರಿ" ಎಂದರು. ಎರಡನೇ ವಾರ ಯಜಮಾನರು ನನ್ನ ಮೇಲಿನ ಕರುಣೆಯಿಂದ ಹೊಸಂಗಡಿಯಿಂದ ಎಣ್ಣೆಯಲ್ಲಿ ಕರಿದ ಎರಡು ಗೋಳಿಬಜೆ ಕಟ್ಟಿಸಿ ತಂದರು. ಅದನ್ನು ಬಾಗಿಲು ಹಾಕಿಕೊಂಡು ತಿಂದೆ. ಮರುದಿನ ಮಗು ಬೆಳಿಗ್ಗೆಯಿಂದ ಮುಲುಗಿತು. ದೇವಕಿಯಕ್ಕ ಮಗುವಿನ ಹೇಲಿನ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಹೊರಗೆ ಒಣಹಾಕಿದ್ದ ಯಜಮಾನರ ಅಂಗಿಯನ್ನು ನೋಡಿದರು.

"ಕಿಸೆಯಲ್ಲಿ ಎಣ್ಣೆ ಕಲೆ ಉಂಟು ಟೀಚರೇ. ಎಷ್ಟು ತಿಂದದ್ದು?"

"ಎರಡೇ ಎರಡು," ಎಂದೆ. ಹತ್ತನೇ ತರಗತಿಯ ಮಕ್ಕಳನ್ನು ನಡುಗಿಸುವ ನನ್ನ ದನಿ ಆಗ ಎಲ್ಲಿ ಹೋಗಿತ್ತೋ.

ಅವರ ವಿದ್ಯೆಯ ಗುಟ್ಟು ಇದೇ ಆಗಿತ್ತು: ನಿನ್ನೆ ಏನು ಹೋಯಿತು, ಇಂದು ಏನು ಬಂತು ಎಂದು ದಿನವೂ ಕಣ್ಣಿಟ್ಟು ನೋಡುವುದು. ನಾನು ಪುಸ್ತಕ ನೋಡಿ ಹೇಳುವುದನ್ನು ಅವರು ಬಟ್ಟೆ ನೋಡಿ ಹೇಳುತ್ತಿದ್ದರು.

ಕಳೆದ ವರ್ಷ ಅಂಗಳ ಗುಡಿಸುವಾಗ ಹಿಡಿಸೂಡಿಯ ಕಡ್ಡಿಯೊಂದು ಆ ದೇವಕಿಯಕ್ಕನ ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿತು. ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ರಕ್ತದಲ್ಲಿ ಸಕ್ಕರೆ ಇದೆ ಎಂದು ಆರೋಗ್ಯ ಕೇಂದ್ರದಲ್ಲಿ ಹೇಳಿ ಎರಡು ವರ್ಷವಾಗಿತ್ತು. ಮಾತ್ರೆಯನ್ನು ಅವರು ನೆನಪಾದ ದಿನ ತೆಗೆದುಕೊಳ್ಳುತ್ತಿದ್ದರು. ಸಕ್ಕರೆ ಹೆಚ್ಚಿದವರ ಪಾದ ನಿಧಾನವಾಗಿ ಸ್ಪರ್ಶ ಕಳೆದುಕೊಳ್ಳುತ್ತದೆ ಎಂದು ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ, ಎರಡು ಗೇಟು ಆಚೆಯ ಪಾದವನ್ನು ಬಗ್ಗಿ ನೋಡಿರಲಿಲ್ಲ. ನನಗೆ ಗೊತ್ತಾಗುವಾಗ ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕೀವು ತೆಗೆದು, ಔಷಧಿ ಬರೆದು, ನನ್ನನ್ನು ಬದಿಗೆ ಕರೆದು ಹೇಳಿದರು: ಮೂರು ವಾರ ನೋಡೋಣ, ಸಕ್ಕರೆ ಇಳಿಯಬೇಕು, ಗಾಯ ಒಳಗಿನಿಂದ ತುಂಬಬೇಕು, ಅದಕ್ಕೆ ಪ್ರೊಟೀನು ಬೇಕು, ಇಲ್ಲವಾದರೆ ಬೆರಳು ತೆಗೆಯಬೇಕಾದೀತು.

ದೇವಕಿಯಕ್ಕ ಕಿವಿ ಚುರುಕಿನವರು. ರಿಕ್ಷಾದಲ್ಲಿ ಬರುವಾಗ, "ಬೆರಳು ಹೋದ್ರೆ ಮಕ್ಕಳ ತಲೆ ಎಂತದರಲ್ಲಿ ನಿಲ್ಲುದು ಟೀಚರೇ?" ಎಂದರು.

ಗಾಯ ಗುಣವಾಗಬೇಕೆಂದು ಅವರಿಗಿಂತ ಹೆಚ್ಚು ಬಯಸಿದವರಿಲ್ಲ. ಹಾಗೆ ಬಯಸಿದ್ದಕ್ಕೇ ಅವರು ಜೀವಮಾನವಿಡೀ ಬೇರೆಯವರಿಗೆ ವಿಧಿಸಿದ ಪಥ್ಯವನ್ನು ತಮಗೂ ವಿಧಿಸಿಕೊಂಡರು. ಗಾಯವೆಂದರೆ ನಂಜು ಆಗದು. ಮೀನು ಬಿಟ್ಟರು, ಮೊಟ್ಟೆ ಬಿಟ್ಟರು, ಉದ್ದು, ಬೇಳೆ, ತರಕಾರಿ ಎಲ್ಲ ಬಿಟ್ಟರು. ಮೂರು ಹೊತ್ತೂ ಗಂಜಿ, ಜತೆಗೆ ಉಪ್ಪು, ಹುರಿದ ಕರಿಮೆಣಸಿನ ಪುಡಿ. ಒಂದು ವಾರವಾದರೂ ಗಾಯ ಒಣಗಲಿಲ್ಲ. ಒಣಗದ್ದಕ್ಕೆ ಪಥ್ಯ ಸಾಲದೆಂದು ಕರಿಮೆಣಸನ್ನೂ ಬಿಟ್ಟರು.

ನಾನು ಹೋಗಿ ಗಲಾಟೆ ಮಾಡಿದೆ. ಗಂಜಿಯೆಂದರೆ ಪಿಷ್ಟ, ಪಿಷ್ಟವೆಂದರೆ ಕೊನೆಗೆ ಸಕ್ಕರೆಯೇ, ಗಾಯ ತುಂಬಲು ಸಸಾರಜನಕ ಬೇಕು ಎಂದು ಕರಪತ್ರವನ್ನು ಬಾಯಿಪಾಠ ಒಪ್ಪಿಸಿದೆ. ಅವರು ಎದ್ದು ಕುಂಟುತ್ತಾ ಒಳಗೆ ಹೋಗಿ, ಪೆಟ್ಟಿಗೆಯಿಂದ ಮಡಚಿದ ಕಾಗದವೊಂದನ್ನು ತಂದು ನನ್ನ ಮುಂದೆ ಹಿಡಿದರು. ಅದೇ ಕರಪತ್ರ. ಊರಿನಲ್ಲಿ ಅದನ್ನು ಜೋಪಾನವಾಗಿಟ್ಟುಕೊಂಡವರು ಅವರೊಬ್ಬರೇ ಇರಬೇಕು.

"ನೀವೇ ಬರ್ದದ್ದಲ್ವಾ? ಅಡಿಯಲ್ಲಿ ಎಂತ ಉಂಟು, ಓದಿ."

ಅಡಿಯಲ್ಲಿ ಹೀಗಿತ್ತು: 'ಗಂಜಿಯು ಹಗುರವಾದ ಆಹಾರ. ರೋಗಿಗಳಿಗೂ ಗಾಯಗೊಂಡವರಿಗೂ ಹಿತಕರ.' ಈ ಮಾತು ಮಲಯಾಳದ ಮೂಲದಲ್ಲಿ ಇರಲಿಲ್ಲ. ಅನುವಾದ ಮುಗಿದಾಗ ಕಾಗದದ ಬುಡದಲ್ಲಿ ಎರಡು ಸಾಲಿನ ಜಾಗ ಉಳಿದಿತ್ತು. ಖಾಲಿ ಬಿಡುವುದು ಚಂದವಲ್ಲವೆಂದು, ಅಜ್ಜಿಯ ಬಾಯಿಯಲ್ಲಿ ಕೇಳಿದ್ದನ್ನು ನಾನೇ ಸೇರಿಸಿದ್ದೆ. ತಪ್ಪಾಗಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ಅದು ಬೇರೆ ತರದ ಗಾಯಕ್ಕೆ ದೇವಕಿಯಕ್ಕ" ಎಂದು ಏನೋ ತೊದಲಿ ಎದ್ದು ಬಂದೆ.

ಕೆಲಸ ಕೆಡಿಸಿದವಳು ನಾನು, ಸರಿ ಮಾಡಿದವರು ಶೈನಿ ಸಿಸ್ಟರ್. ತೆಂಕಣ ಕೇರಳದಿಂದ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದ ನರ್ಸ್ ಅವರು. ನಾಲ್ಕು ವರ್ಷದಲ್ಲಿ ಕಲಿತ ಅವರ ಕನ್ನಡದಲ್ಲಿ ಅರ್ಧ ಮಲಯಾಳ, ಕಾಲು ತುಳು. ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಮನೆಗೆ ಬಂದವರು ನೆಲದ ಮೇಲೆ ಕೂತು, ಆ ಪಾದವನ್ನು ತಮ್ಮ ಮಡಿಲಿನಲ್ಲಿಟ್ಟುಕೊಂಡು, ನಾನು ಯಾವತ್ತೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಅಮ್ಮೇ, ನಂಜು ಅಲ್ಲದ್ದು ಎಂತೆಲ್ಲ ಉಂಟು, ಹೇಳಿ. ಞಾನ್ ಬರೀತೇನೆ."

ದೇವಕಿಯಕ್ಕನ ಮುಖ ಅರಳಿತು. ಅವರ ವಿದ್ಯೆಯ ಬಗ್ಗೆ ಒಬ್ಬ ನರ್ಸ್ ಕೇಳಿ ಬರೆದುಕೊಳ್ಳುವುದು ಅದೇ ಮೊದಲು. ಹೆಸರುಕಾಳು, ಪಡುವಲಕಾಯಿ, ಹೀರೆಕಾಯಿ, ನುಗ್ಗೆಸೊಪ್ಪು, ಒಂದೆಲಗ, ಮಜ್ಜಿಗೆ, ನೆಲ್ಲಿಕಾಯಿ ಎಂದು ಹೇಳುತ್ತಾ ಹೋದರು. ಸಿಸ್ಟರ್ ಎಲ್ಲವನ್ನೂ ಬರೆದು, ಹೆಸರುಕಾಳಿನ ಸುತ್ತ ಒಂದು ವೃತ್ತ ಎಳೆದರು.

"ಹೆಸರು ನಂಜಲ್ಲ ಅಲ್ಲವಾ? ಮತ್ತೆ ಯಾಕೆ ತಿನ್ನುದಿಲ್ಲ?"

"ಗಂಜಿ ಇನ್ನೂ ಒಳ್ಳೇದಲ್ವಾ ಮಗಾ."

"ನೋಡುವ. ಹೇಳುದು ಬೇಡ, ನೋಡುವ."

ಮರುದಿನ ಬೆಳಿಗ್ಗೆ ಸಿಸ್ಟರ್ ಸಕ್ಕರೆ ನೋಡುವ ಸಣ್ಣ ಯಂತ್ರ ತಂದರು. ಗಂಜಿ ಉಣ್ಣುವ ಮೊದಲು ಒಮ್ಮೆ ಕೈಬೆರಳು ಚುಚ್ಚಿದರು, ಉಂಡು ಎರಡು ಗಂಟೆಯಾದ ಮೇಲೆ ಮತ್ತೊಮ್ಮೆ. ಅದರ ಮರುದಿನ ಅರ್ಧ ಸೌಟು ಗಂಜಿ, ಒಂದು ಬಟ್ಟಲು ಬೇಯಿಸಿದ ಹೆಸರು, ನುಗ್ಗೆಸೊಪ್ಪಿನ ಪಲ್ಯ, ಮತ್ತೆ ಅದೇ ಎರಡು ಚುಚ್ಚು. ಅಂಕೆಗಳನ್ನು ಸಿಸ್ಟರ್ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು, ವ್ಯಾಖ್ಯಾನ ಮಾಡಲಿಲ್ಲ. ಭಾಷಣಕ್ಕೆ ಬಾಯಿ ತುರಿಸುತ್ತಿದ್ದ ನನ್ನನ್ನೂ ಕಣ್ಣಿನಲ್ಲೇ ಸುಮ್ಮನಿರಿಸಿದರು.

ದೇವಕಿಯಕ್ಕ ಗೋಡೆಗೆ ಕೈ ಕೊಟ್ಟು ನಿಂತು ಕ್ಯಾಲೆಂಡರನ್ನು ನೋಡಿದರು. ಮಗುವಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಾಗಿನ ಅದೇ ಮುಖ. ನಿನ್ನೆ ಏನು ಹೋಯಿತು, ಏನು ಬಂತು. ಇಂದು ಏನು ಹೋಯಿತು, ಏನು ಬಂತು. ಎರಡು ದಿನದ ಅಂಕೆಗಳ ಮೇಲೂ ಬೆರಳಿಟ್ಟರು.

"ಗಂಜಿಯದ್ದು ಇಷ್ಟು ಏರ್ತದಾ?"

ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ. ನೀರುದೋಸೆಗೆ ಎಷ್ಟು, ಸೇಮಿಗೆಗೆ ಎಷ್ಟು, ಕಡುಬಿಗೆ ಎಷ್ಟು ಎಂದು ಒಂದೊಂದನ್ನೇ ಪರೀಕ್ಷೆಗೆ ಕೂರಿಸಿದರು. ಅಕ್ಕಿಯ ಮಕ್ಕಳೆಲ್ಲ ಒಂದೇ ಗುಣದವರು ಎಂದು ನಾಲ್ಕು ದಿನಕ್ಕೆ ತೀರ್ಪು ಬಂತು. ಮಾತ್ರೆ ದಿನವೂ ಹೊತ್ತಿಗೆ ಸರಿಯಾಗಿ ಹೋಯಿತು. ಮೊಟ್ಟೆಯ ವಿಚಾರಣೆ ಒಂದು ವಾರ ನಡೆಯಿತು. ತಿಂದ ಮರುದಿನ ಗಾಯದ ಕಟ್ಟು ಬಿಚ್ಚುವಾಗ ಸಿಸ್ಟರ್‌ಗಿಂತ ಮೊದಲು ಬಗ್ಗಿ ನೋಡಿದರು, ಕೀವಿಲ್ಲ. ಮತ್ತೂ ಎರಡು ದಿನ ನೋಡಿದರು, ಇಲ್ಲ. ಬಿಡುಗಡೆ. "ಟೀಚರ್‌ಗೂ ಒಂದು ಚುಚ್ಚಿ ನೋಡಿ ಸಿಸ್ಟರೇ, ಮದುವೆಮನೆಯಲ್ಲಿ ಹೋಳಿಗೆ ಎಷ್ಟು ಹೋಗ್ತದೆ ಅಂತ ನಾನು ನೋಡಿದ್ದೇನೆ" ಎಂದು ನನ್ನ ಕಡೆಗೂ ತಿರುಗಿದರು. ಶಾಲೆಗೆ ತಡವಾಯಿತೆಂದು ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಓಡಿ ಬಂದೆ. ಅಂದು ರಜೆಯಿತ್ತು.

ಮೂರು ವಾರಕ್ಕೆ ಡಾಕ್ಟರು ಗಾಯ ನೋಡಿ, ಇನ್ನೂ ಮೂರು ವಾರ ನೋಡೋಣ ಎಂದರು. ಆಮೇಲೆ ಬೆರಳು ತೆಗೆಯುವ ಮಾತು ಬರಲಿಲ್ಲ. ಗಾಯ ಒಳಗಿನಿಂದ ಕೆಂಪಗೆ ತುಂಬಿಕೊಂಡು ಬಂತು. ಉಗುರು ಹೋಯಿತು, ಬೆರಳು ಸ್ವಲ್ಪ ಸೊಟ್ಟಗಾಯಿತು, ಆದರೆ ಉಳಿಯಿತು.

ಬೆರಳು ಉಳಿದದ್ದಕ್ಕಿಂತ ದೊಡ್ಡ ವಿಷಯವನ್ನು ನಾನು ನೋಡಿದ್ದು ಆಮೇಲೆ. ಬಾಯಾರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿ ಸ್ವಾತಿ ಹೆರಿಗೆಯಾಗಿ ತಾಯಿಮನೆಗೆ ಬಂದಿದ್ದಳು. ಸಿಸೇರಿಯನ್. ಅವಳ ತಾಯಿ ಪುಷ್ಪಾ, ಇಪ್ಪತ್ತಾರು ವರ್ಷದ ಹಿಂದೆ ಸ್ವಾತಿ ಹುಟ್ಟಿದಾಗ ತಮ್ಮ ಬಾಣಂತನ ಮಾಡಿದ ದೇವಕಿಯಕ್ಕನೇ ಆಗಬೇಕೆಂದು ಹೇಳಿ ಕಳುಹಿಸಿದ್ದರು. ಆಗಷ್ಟೇ ವಾಸಿಯಾದ ಪಾದವನ್ನು ಬಸ್ಸಿನ ನೂಕುನುಗ್ಗಲಿಗೆ ಕೊಡುವುದು ಬೇಡವೆಂದು ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ಪುಷ್ಪಾ ಎಲ್ಲವನ್ನೂ ಅಚ್ಚುಕಟ್ಟಾಗಿ ಸಿದ್ಧಮಾಡಿದ್ದರು. ಹೊಟ್ಟೆಯ ಹೊಲಿಗೆಯ ಗಾಯ ಹಿಡಿದುಕೊಂಡು ಸ್ವಾತಿ ಗೋಡೆಗೊರಗಿ ಕೂತಿದ್ದಳು. ಅವಳ ಮುಂದೆ ಒಂದು ತಟ್ಟೆಯಲ್ಲಿ ಗಂಜಿ, ಉಪ್ಪು, ಕರಿಮೆಣಸಿನ ಪುಡಿ.

"ನೀವು ನನಗೆ ಹೇಳಿದ ಹಾಗೆಯೇ ಮಾಡಿದ್ದೇನೆ ದೇವಕಿಯಕ್ಕ," ಎಂದರು ಪುಷ್ಪಾ ಹೆಮ್ಮೆಯಿಂದ. "ನಂಜಿನದ್ದು ಎಂತದೂ ಮುಟ್ಟಿಸಲಿಲ್ಲ, ನೀರು ಕೂಡ ಗುಟುಕು ಲೆಕ್ಕದಲ್ಲೇ. ಇವಳು ಹಸಿವು ಹಸಿವು ಅಂತ ಹಟ ಮಾಡ್ತಾಳೆ. ನಾನು ಬಿಡಲಿಲ್ಲ."

ದೇವಕಿಯಕ್ಕ ತಟ್ಟೆಯನ್ನು ನೋಡಿದರು. ಹೀಗಲ್ಲ, ಈಗ ಕಾಲ ಬದಲಾಗಿದೆ ಎಂದು ಜಾರಿಕೊಳ್ಳಬಹುದಿತ್ತು. ಡಾಕ್ಟರು ಹೀಗೆ ಹೇಳುತ್ತಾರಂತೆ ಎಂದು ಬೇರೆಯವರ ಮೇಲೆ ಹಾಕಬಹುದಿತ್ತು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ, ಮಾಡಿದ್ದೆ ಕೂಡ. ಅವರ ಅನ್ನ, ಒಳ್ಳೆಯ ಹೆಸರು, ಮರ್ಯಾದೆ ಎಲ್ಲ ನಿಂತಿದ್ದದ್ದು ಆ ಪಥ್ಯದ ಮೇಲೆ.

"ಪುಷ್ಪಾ, ನಾನು ನಿಂಗೆ ಹೇಳಿದ್ದು ತಪ್ಪು," ಎಂದರು. "ಗೊತ್ತಿಲ್ಲದೆ ಹೇಳಿದ್ದು, ಆದ್ರೆ ತಪ್ಪೇ. ಗಾಯ ಇದ್ದವರಿಗೆ ಹೊಟ್ಟೆಗೆ ಬೇಕು. ನನ್ನ ಕಾಲಿನಲ್ಲಿ ನಾನೇ ನೋಡಿದೆ. ಹೋಗು, ಹೆಸರು ಬೇಯಿಸು. ಇವಳಿಗೆ ನೀರು ಕೂಡ ಬೇಕಾದಷ್ಟು ಕೊಡು."

ಪುಷ್ಪಾ ನಗುವುದೋ ಸಿಟ್ಟಾಗುವುದೋ ತಿಳಿಯದೆ ಸೆರಗಿನ ತುದಿ ತಿರುಚುತ್ತಾ ನಿಂತರು. ಆಮೇಲೆ ಒಳಗೆ ಹೋದರು. ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿತು. ತೆಂಗಿನಕಾಯಿ ಅರೆದು ಹಾಕಿದ ಹೆಸರಿನ ಗಸಿ ತುಂಬಿದ ಪಾತ್ರೆ ತಂದು ಕೆಳಗಿಡುವಾಗ ಅವರ ಕಣ್ಣು ಕೆಂಪಾಗಿತ್ತು.

"ಆಗ ನಂಗೆ ತುಂಬ ಹಸಿವಾಗ್ತಿತ್ತು ದೇವಕಿಯಕ್ಕ," ಎಂದರು, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ.

ದೇವಕಿಯಕ್ಕ ಎರಡು ತಟ್ಟೆ ತೆಗೆದುಕೊಂಡು ಎರಡಕ್ಕೂ ಗಸಿ ಬಡಿಸಿದರು. ಒಂದನ್ನು ಸ್ವಾತಿಯ ಮುಂದೆ ಇಡುವ ಮೊದಲು, ಇನ್ನೊಂದನ್ನು ಪುಷ್ಪಾ ಅವರ ಕೈಯಲ್ಲಿಟ್ಟು, ಅವರು ಮೊದಲ ತುತ್ತು ತಿನ್ನುವವರೆಗೂ ಅಲ್ಲೇ ಕೂತು ನೋಡಿದರು.